ಚಾಯದ ಸಿಹಿ ಮಾತ್ರೆ, ಮುರಿದ ಮಣಿಕಟ್ಟು

ಪ್ರಶ್ನೆ: ನನಗೆ 58 ವರ್ಷ. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಅಡಕೆ ತೋಟದ ನಡುವೆ ನಮ್ಮ ಮನೆ. ಶುಗರ್ ಶುರುವಾಗಿ ಹನ್ನೊಂದು ವರ್ಷ ಆಯಿತು. ಚಾಯಕ್ಕೆ ಸಕ್ಕರೆ ಬಿಟ್ಟು ಶುಗರ್‌ಫ್ರೀ ಮಾತ್ರೆ ಹಾಕುತ್ತೇನೆ, ದಿನಕ್ಕೆ ಆರು ಬೇಕಾಗುತ್ತದೆ. ಮಧ್ಯಾಹ್ನ ಊಟಕ್ಕೆ ಮೊದಲೆಲ್ಲ ಮಜ್ಜಿಗೆ ಇತ್ತು, ಈಗ ಎರಡು ವರ್ಷದಿಂದ ಸಕ್ಕರೆ ಇಲ್ಲದ ಕೋಲಾ ಅಭ್ಯಾಸವಾಗಿದೆ. ಈ ಆಟಿಯಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿ ಕಳಿಸಿದರು. ಶುಗರ್‌ಫ್ರೀ ಮಾತ್ರೆ ಎಲುಬಿನ ಸುಣ್ಣವನ್ನೆಲ್ಲ ಕರಗಿಸುತ್ತದೆ ಎಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂದಿದೆ. ದುಬೈಯಿಂದ ಮಗ ತಂದ ಡಬ್ಬ ಇನ್ನೂ ಅರ್ಧ ಉಂಟು. ಬಿಸಾಡಲೇ? ಬೆಲ್ಲಕ್ಕೆ ಹೋಗಲೇ, ಸ್ಟೀವಿಯಾ ತರಿಸಲೇ? ಮೊಮ್ಮಗನಿಗೆ ಹನ್ನೆರಡು ವರ್ಷ, ಅವನೂ ನನ್ನ ಜೊತೆ ಅದೇ ಕೋಲಾ ಕುಡಿಯುತ್ತಾನೆ. ಏನೂ ಆಗುವುದಿಲ್ಲ ಎಂದು ಹೇಳಿಬಿಡಬೇಡಿ ಡಾಕ್ಟ್ರೇ, ಎಂಡೋಸಲ್ಫಾನಿಗೂ ಹಾಗೇ ಹೇಳಿದ್ದರು. ತೆಗೆದುಕೊಳ್ಳುವ ಮದ್ದುಗಳ ಚೀಟಿ ಮತ್ತು ರಕ್ತಪರೀಕ್ಷೆಯ ಪ್ರತಿ ಇಟ್ಟಿದ್ದೇನೆ.

ಉತ್ತರ: ಅಕ್ಕಾ, ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಜನ ಕಂಡಿದ್ದಾರೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ, ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಅದರ ಭಾರ ಹೊತ್ತಾಗಿತ್ತು. ಆ ನೆಲದಿಂದ ಬರೆದವರಿಗೆ ‘ಸರಕಾರ ಒಪ್ಪಿದೆ, ಆದ್ದರಿಂದ ಸುರಕ್ಷಿತ’ ಎಂದು ನಾನು ಹೇಳುವುದಿಲ್ಲ. ಎಷ್ಟು ಪ್ರಮಾಣ ಒಳಗೆ ಹೋಗುತ್ತದೆ, ಒಳಗೆ ಹೋದದ್ದು ಏನಾಗುತ್ತದೆ, ಮನುಷ್ಯರಲ್ಲಿ ಏನು ಕಂಡಿದೆ, ಈ ಮೂರನ್ನು ನಿಮ್ಮ ಮುಂದಿಡುತ್ತೇನೆ. ಅನುಮಾನ ಪಡುವ ನಿಮ್ಮ ಹಕ್ಕು ಹಾಗೆಯೇ ಇರಲಿ. ಒಂದು ವ್ಯತ್ಯಾಸ ಮಾತ್ರ ನೆನಪಿನಲ್ಲಿಡಿ. ಅದು ಕೇಳದೆ ಮೇಲಿನಿಂದ ಬಿದ್ದ ವಿಷ, ಇದು ನೀವೇ ಎಣಿಸಿ ಹಾಕುವ, ಬೇಡವೆಂದರೆ ನಾಳೆಯೇ ನಿಲ್ಲಿಸಬಹುದಾದ ಮಾತ್ರೆ.

ಮೊದಲು ಪ್ರಮಾಣ. ಇಂಥ ಒಂದು ಮಾತ್ರೆ ಸಾಧಾರಣವಾಗಿ ಒಂದು ಚಮಚ ಸಕ್ಕರೆಯ ಸಿಹಿ ಕೊಡುತ್ತದೆ. ಒಂದು ಚಮಚ ಎಂದರೆ ಸುಮಾರು 5 ಗ್ರಾಂ ಸಕ್ಕರೆ. ಸುಕ್ರಲೋಸ್ ಎಂಬ ಸಿಹಿಕಾರಕ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಹಾಗಾಗಿ ಆ ಮಾತ್ರೆಯಲ್ಲಿ ಇರಬೇಕಾದದ್ದು 8 ಮಿಲಿಗ್ರಾಂ ಆಸುಪಾಸು. ಉಳಿದದ್ದೆಲ್ಲ ಮಾತ್ರೆಯ ಆಕಾರಕ್ಕಾಗಿ ಸೇರಿಸಿದ ಪುಡಿ. ಆರು ಮಾತ್ರೆಗೆ 50 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಜೀವನಪೂರ್ತಿ ದಿನವೂ ತೆಗೆದುಕೊಂಡರೂ ತೊಂದರೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ಸಮಿತಿ ಹಾಕಿದ ಮಿತಿ, ದೇಹದ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ. ಅಮೆರಿಕದ ನಿಯಂತ್ರಕರು ಇನ್ನೂ ಬಿಗಿ, ಅವರದು 5 ಮಿಲಿಗ್ರಾಂ. ಬಿಗಿಯಾದದ್ದನ್ನೇ ಹಿಡಿಯೋಣ. 60 ಕಿಲೋ ತೂಕದವರಿಗೆ ದಿನಕ್ಕೆ 300 ಮಿಲಿಗ್ರಾಂ ಆಯಿತು. ನೀವು ಅದರ ಆರನೆಯ ಒಂದು ಪಾಲಿನಲ್ಲಿದ್ದೀರಿ.

ಡಬ್ಬದ ಹಿಂದೆ 951 ಎಂದು ಬರೆದಿದ್ದರೆ ಅದು ಆಸ್ಪರ್ಟೇಮ್. 955 ಸುಕ್ರಲೋಸ್, 954 ಸ್ಯಾಕರಿನ್, 950 ಅಸೆಸಲ್ಫೇಮ್ ಪೊಟ್ಯಾಸಿಯಂ, 960 ಸ್ಟೀವಿಯಾದ ಸಾರ. ಗಲ್ಫಿನ ಡಬ್ಬದಲ್ಲಿ ಹೆಸರು ಅರಬಿಯಲ್ಲಿದ್ದರೂ ಈ ಸಂಖ್ಯೆಗಳು ಹೆಚ್ಚಾಗಿ ಇದ್ದೇ ಇರುತ್ತವೆ, ಒಮ್ಮೆ ಕನ್ನಡಕ ಹಾಕಿ ಹುಡುಕಿ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಆರು ಮಾತ್ರೆಗೆ 150 ಮಿಲಿಗ್ರಾಂ ಮೀರದು. ಅದರ ಮಿತಿ ಪ್ರತಿ ಕಿಲೋಗೆ 40 ಮಿಲಿಗ್ರಾಂ, ನಿಮ್ಮಂಥವರಿಗೆ 2,400 ಮಿಲಿಗ್ರಾಂ.

ಇನ್ನು, ಒಳಗೆ ಹೋದದ್ದು ಏನಾಗುತ್ತದೆ? ಸುಕ್ರಲೋಸಿನ ಬಹುಪಾಲು ಕರುಳಿನಲ್ಲಿ ಹೀರಿಕೆಯೇ ಆಗದೆ ಮಲದ ಜೊತೆ ಹೊರಗೆ ಹೋಗುತ್ತದೆ. ರಕ್ತಕ್ಕೆ ಸೇರುವ ಸ್ವಲ್ಪ ಪಾಲೂ ಹೆಚ್ಚು ಕಡಿಮೆ ಹಾಗೆಯೇ ಮೂತ್ರದಲ್ಲಿ ಇಳಿಯುತ್ತದೆ. ಆಸ್ಪರ್ಟೇಮಿನ ಕಥೆ ಬೇರೆ. ಅದು ಕರುಳಿನಲ್ಲೇ ಒಡೆದು ಎರಡು ಅಮೈನೋ ಆಮ್ಲ ಮತ್ತು ಹತ್ತನೆಯ ಒಂದು ಪಾಲು ಮೆಥನಾಲ್ ಆಗುತ್ತದೆ. ನಿಮ್ಮ ವಾಟ್ಸಾಪ್ ಸಂದೇಶದ ಬೇರು ಇಲ್ಲಿಯೇ ಇರಬೇಕು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ, ಆಮ್ಲ ಎಲುಬನ್ನು ಕರಗಿಸುತ್ತದೆ ಎಂಬ ಸರಪಳಿ. ಮೊದಲರ್ಧ ನಿಜ. ಆದರೆ ಆರು ಮಾತ್ರೆಯಿಂದ ಹುಟ್ಟುವ ಮೆಥನಾಲ್ 15 ಮಿಲಿಗ್ರಾಂ, ಒಂದು ಲೋಟ ಟೊಮೆಟೊ ರಸದಿಂದ ಅದಕ್ಕಿಂತ ಹೆಚ್ಚು ಬರುತ್ತದೆ. ಇಷ್ಟು ಆಮ್ಲವನ್ನು ಸರಿದೂಗಿಸಲು ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ ಕ್ಷಣವೂ ಬೇಡ. ಎಲುಬಿನವರೆಗೆ ಆ ಮಾತು ಹೋಗುವುದೇ ಇಲ್ಲ. ಹುಟ್ಟಿನಿಂದ ಫಿನೈಲ್‌ಕೀಟೋನೂರಿಯಾ ಎಂಬ ಅಪರೂಪದ ದೋಷ ಇರುವವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಬಾರದು.

ಇಲಿಗಳ ಮೇಲಿನ ಪ್ರಯೋಗ ತೋರಿಸಿ ಹೆದರಿಸುವವರೂ ಇದ್ದಾರೆ. ಸ್ಯಾಕರಿನ್ ತಿಂದ ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬಂತೆಂದು 1970ರ ದಶಕದಲ್ಲಿ ದೊಡ್ಡ ಗದ್ದಲವಾಗಿತ್ತು. ಅದು ಗಂಡು ಇಲಿಯ ಮೂತ್ರದ ವಿಶೇಷ ಗುಣದಿಂದ ಆದದ್ದು, ಮನುಷ್ಯರಿಗೆ ಅನ್ವಯವಾಗದು ಎಂದು ತಿಳಿದ ಮೇಲೆ ಅಮೆರಿಕದಲ್ಲಿ 2000ದಲ್ಲಿ ಎಚ್ಚರಿಕೆಯ ಬರಹವನ್ನೇ ತೆಗೆದರು. ಇಲಿಯ ಮಾತನ್ನೇ ನಂಬುವುದಾದರೆ ಮತ್ತೊಂದನ್ನೂ ನಂಬಬೇಕಾಗುತ್ತದೆ. ಫಿನ್ಲೆಂಡಿನಲ್ಲಿ ಅಂಡಾಶಯ ತೆಗೆದ ಇಲಿಗಳಿಗೆ ಕ್ಸೈಲಿಟಾಲ್ ಎಂಬ ಸಿಹಿಕಾರಕ ತಿನ್ನಿಸಿದಾಗ ಅವುಗಳ ಎಲುಬು ಸವೆಯುವುದು ಕಡಿಮೆಯಾಯಿತು. ಹಾಗೆಂದು ಯಾವ ವೈದ್ಯರೂ ಎಲುಬು ಗಟ್ಟಿಯಾಗಲು ಕ್ಸೈಲಿಟಾಲ್ ತಿನ್ನಿ ಎಂದು ಬರೆದುಕೊಡುವುದಿಲ್ಲ.

ಸಿಹಿಕಾರಕಗಳ ಮೇಲೆ ನನಗೆ ಅನುಮಾನವೇ ಇಲ್ಲವೆಂದಲ್ಲ. ಕರುಳಿನ ಸೂಕ್ಷ್ಮಜೀವಿಗಳ ಮೇಲೆ ಅವು ಪ್ರಭಾವ ಬೀರುತ್ತವೆಯೇ ಎಂಬುದು ಗಂಭೀರ ಪ್ರಶ್ನೆ. ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2014ರಲ್ಲಿ ಮತ್ತು 2022ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಸ್ಯಾಕರಿನ್ ಮತ್ತು ಸುಕ್ರಲೋಸ್ ಕೆಲವರಲ್ಲಿ ಊಟದ ನಂತರದ ಸಕ್ಕರೆಯ ಏರಿಳಿತವನ್ನು ಬದಲಿಸಿದ್ದವು. ಕರುಳಿನ ಜೀವಿಗಳು ಕ್ಯಾಲ್ಸಿಯಂ ಹೀರಿಕೆಗೂ ಸಹಾಯ ಮಾಡುವುದರಿಂದ, ಅಲ್ಲಿಂದ ಎಲುಬಿಗೊಂದು ದಾರಿ ಇರಬಹುದೇ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಹುಡುಕಬೇಕಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2023ರ ಮೇ ತಿಂಗಳಲ್ಲಿ, ತೂಕ ಇಳಿಸಲೆಂದು ಇವುಗಳನ್ನು ನೆಚ್ಚಿಕೊಳ್ಳಬೇಡಿ ಎಂದು ಸಲಹೆ ಕೊಟ್ಟಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅಲ್ಲ ಎಂದೂ ಅದರಲ್ಲೇ ಬರೆದಿದೆ. ಸುದ್ದಿ ಹರಡುವಾಗ ಆ ಸಾಲು ಬಿಟ್ಟುಹೋಗುತ್ತದೆ.

ಈಗ ನಿಮ್ಮ ಕೋಲಾಕ್ಕೆ ಬರೋಣ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು, ಏಕೆಂದರೆ ಎಲುಬಿನ ವಿಷಯದಲ್ಲಿ ಮನುಷ್ಯರ ಮೇಲಿನ ದೊಡ್ಡ ಅಧ್ಯಯನಗಳೆಲ್ಲ ತೋರಿಸುವ ಬೆರಳು ಚಾಯದ ಲೋಟದ ಕಡೆಗಲ್ಲ, ಬಾಟಲಿಯ ಕಡೆಗೆ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ದಿನವೂ ಕೋಲಾ ಕುಡಿಯುವ ಹೆಂಗಸರ ಸೊಂಟದ ಎಲುಬಿನ ಸಾಂದ್ರತೆ, ತಿಂಗಳಿಗೊಮ್ಮೆಯೂ ಕುಡಿಯದವರಿಗಿಂತ ಸುಮಾರು 4% ಕಡಿಮೆ ಇತ್ತು. ಗಂಡಸರಲ್ಲಿ ಹಾಗೆ ಕಾಣಲಿಲ್ಲ. ಸಕ್ಕರೆ ಹಾಕಿದ ಕೋಲಾ, ಡಯಟ್ ಕೋಲಾ ಎರಡರಲ್ಲೂ ಅದೇ ಚಿತ್ರ. ಕೋಲಾ ಅಲ್ಲದ ಬೇರೆ ಸೋಡಾ ಪಾನೀಯಗಳಲ್ಲಿ ಆ ಸಂಬಂಧ ಇರಲಿಲ್ಲ. 2014ರಲ್ಲಿ ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನದಿಂದ ಮತ್ತೊಂದು ಲೆಕ್ಕ ಬಂತು. ಮುಟ್ಟು ನಿಂತ 73,000ಕ್ಕೂ ಹೆಚ್ಚು ಮಂದಿಯನ್ನು 30 ವರ್ಷಗಳವರೆಗೆ ಗಮನಿಸಿದಾಗ, ದಿನಕ್ಕೆ ಒಂದು ಸೋಡಾ ಪಾನೀಯ ಹೆಚ್ಚಾದಂತೆ ಸೊಂಟದ ಮುರಿತದ ಅಪಾಯ 14% ಹೆಚ್ಚುತ್ತಿತ್ತು. ಅಲ್ಲಿಯೂ ಸಕ್ಕರೆ ಇದ್ದದ್ದು, ಇಲ್ಲದ್ದು ಎರಡೂ ಒಂದೇ ಕಡೆಗೆ ವಾಲಿದವು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಸಿಹಿಕಾರಕವೇ ಎಲುಬಿನ ಕಳ್ಳನಾಗಿದ್ದರೆ, ಅದು ಒಂದು ಹನಿಯೂ ಇಲ್ಲದ ಸಕ್ಕರೆ ಕೋಲಾ ಕುಡಿದವರಲ್ಲೂ ಅದೇ ನಷ್ಟ ಏಕೆ ಕಾಣಬೇಕು? ಎರಡು ಬಾಟಲಿಗಳಿಗೂ ಸಮಾನವಾಗಿರುವ ಏನೋ ಒಂದು ಕೆಲಸ ಮಾಡುತ್ತಿರಬೇಕು.

ಸಮಾನವಾಗಿರುವುದು ಮೂರು. ಫಾಸ್ಫಾರಿಕ್ ಆಮ್ಲ, ಡಬ್ಬದ ಮೇಲೆ 338 ಎಂದು ಬರೆದಿರುತ್ತದೆ. ಕೋಲಾದಲ್ಲಿರುವ ರಂಜಕ ಒಂದು ಲೋಟ ಹಾಲಿನಲ್ಲಿರುವುದಕ್ಕಿಂತ ಕಡಿಮೆಯೇ, ಆದರೆ ಹಾಲಿನ ರಂಜಕ ಕ್ಯಾಲ್ಸಿಯಂ ಜೊತೆಗೆ ಬರುತ್ತದೆ, ಕೋಲಾದ್ದು ಬರಿಗೈಯಲ್ಲಿ ಬರುತ್ತದೆ. ಎರಡನೆಯದು ಕೆಫೀನ್. ಅದು ಮೂತ್ರದಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಇಳಿಸುತ್ತದೆ ನಿಜ, ಆದರೆ ಒಂದು ಕಪ್ ಕಾಫಿಗೆ ಹೋಗುವ ನಷ್ಟ ಎರಡು ಮೂರು ಮಿಲಿಗ್ರಾಂ. ಕಾಫಿಗೆ ಹಾಕುವ ಎರಡು ಚಮಚ ಹಾಲೇ ಅದನ್ನು ತುಂಬಿಕೊಡುತ್ತದೆ. ಮೂರನೆಯದೇ ನನ್ನ ಮಟ್ಟಿಗೆ ಮುಖ್ಯ. ಕೋಲಾ ಬಂದ ಜಾಗದಿಂದ ಮತ್ತೇನೋ ಹೊರಗೆ ಹೋಗಿರುತ್ತದೆ. ಸೋಡಾ ಪಾನೀಯ ಮತ್ತು ಮೂತ್ರದ ಕ್ಯಾಲ್ಸಿಯಂ ಬಗ್ಗೆ 2001ರಲ್ಲಿ ಅಳೆದು ನೋಡಿದ ರಾಬರ್ಟ್ ಹೀನಿ ಮತ್ತು ಕ್ಯಾರನ್ ರಾಫರ್ಟಿ ಬಂದ ತೀರ್ಮಾನವೂ ಇದೇ: ಪಾನೀಯದಿಂದ ಆಗುವ ನೇರ ನಷ್ಟ ಗೌಣ, ಹಾಲನ್ನು ಅದು ಪಕ್ಕಕ್ಕೆ ತಳ್ಳುವುದು ದೊಡ್ಡದು.

ನಿಮ್ಮ ಪತ್ರದಲ್ಲೇ ಅದು ಬರೆದಿದೆಯಲ್ಲ. ಮಧ್ಯಾಹ್ನ ಮಜ್ಜಿಗೆ ಇತ್ತು, ಈಗ ಕೋಲಾ. ಮಾತ್ರೆಯ ಡಬ್ಬ ಬಿಸಾಡಬೇಕಾದ್ದಿಲ್ಲ. ಫ್ರಿಜ್ಜಿನ ಬಾಟಲಿಯನ್ನು ಇವತ್ತೇ ಬಿಡಿ, ಮಜ್ಜಿಗೆಯನ್ನು ವಾಪಸು ಕರೆಯಿರಿ.

ಆದರೆ ಇಷ್ಟರಿಂದ ಮುಗಿಯಿತೆಂದು ನೀವು ಪತ್ರಿಕೆ ಮಡಚಿಟ್ಟರೆ ನನಗೆ ನಿದ್ದೆ ಬಾರದು. ನೀವು ಸಿಹಿ ಮಾತ್ರೆಯ ಬಗ್ಗೆ ಕೇಳಿದ್ದೀರಿ, ನನ್ನ ಕಣ್ಣು ನಿಂತದ್ದು ಮಣಿಕಟ್ಟಿನ ಮೇಲೆ. ನಿಂತ ಎತ್ತರದಿಂದ ಜಾರಿ ಬಿದ್ದು 58ರ ಹೆಂಗಸಿನ ಮಣಿಕಟ್ಟು ಮುರಿದರೆ ಅದನ್ನು ಪಾಚಿಯ ತಪ್ಪೆಂದು ಬಿಡಬಾರದು. ಎಲುಬು ಸವೆದಿರುವುದನ್ನು ದೇಹ ಹೇಳುವ ಮೊದಲ ಮಾತು ಹೆಚ್ಚಾಗಿ ಮಣಿಕಟ್ಟಿನಲ್ಲೇ ಕೇಳುತ್ತದೆ, ಬೆನ್ನೆಲುಬು ಮತ್ತು ಸೊಂಟದ ಸರದಿ ಆಮೇಲೆ. ಹೀಗೆ ಒಮ್ಮೆ ಮುರಿದವರಿಗೆ ಇನ್ನೊಂದು ಮುರಿತ ಬರುವ ಸಂಭವ ಸುಮಾರು ಎರಡು ಪಟ್ಟು. ಪ್ಲಾಸ್ಟರ್ ಹಾಕಿ ಕಳಿಸುವುದು ಅರ್ಧ ಚಿಕಿತ್ಸೆ. ಉಳಿದರ್ಧವನ್ನು ನೀವೇ ಕೇಳಿ ಪಡೆಯಬೇಕು.

ಮೊದಲನೆಯದಾಗಿ ಡೆಕ್ಸಾ ಸ್ಕ್ಯಾನ್. ಸೊಂಟ ಮತ್ತು ಬೆನ್ನಿನ ಎಲುಬಿನ ಸಾಂದ್ರತೆ ಅಳೆಯುವ, ನೋವಿಲ್ಲದ, ಕೆಲವೇ ನಿಮಿಷದ ಪರೀಕ್ಷೆ. ನಿಮ್ಮ ಕಡೆಯವರು ಹೇಗೂ ದೊಡ್ಡ ಪರೀಕ್ಷೆಗೆಲ್ಲ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು, ಅಲ್ಲಿ ಸಿಗುತ್ತದೆ. ಯೌವನದ ಎಲುಬಿಗೆ ಹೋಲಿಸಿ ಕೊಡುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಅಸ್ಥಿರಂಧ್ರತೆ, ಅಂದರೆ ಎಲುಬಿನ ಸವೆತ, ಎಂದು ಲೆಕ್ಕ. ಆದರೆ ನಿಮ್ಮ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಟೈಪ್ 2 ಮಧುಮೇಹ ಇರುವವರಿಗೆ ಸ್ಕ್ಯಾನ್ ಚೆನ್ನಾಗಿಯೇ ಬಂದು, ಎಲುಬು ಮಾತ್ರ ಮುರಿಯುವುದುಂಟು. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆ ಎಲುಬಿನೊಳಗಿನ ಕೊಲಾಜನ್ ಎಳೆಗಳಿಗೆ ಅಂಟಿಕೊಂಡು ಅವನ್ನು ಗಡುಸಾಗಿಸುತ್ತದೆ. ಒಣಗಿದ ಸೋಗೆಯ ಹಾಗೆ, ನೋಡಲು ಗಟ್ಟಿ, ಬಗ್ಗಿಸಿದರೆ ಲಟಕ್ಕೆನ್ನುತ್ತದೆ. ಸ್ಕ್ಯಾನಿಗೆ ಅದು ಕಾಣುವುದಿಲ್ಲ, ಅದು ಸುಣ್ಣವನ್ನು ಮಾತ್ರ ಅಳೆಯುತ್ತದೆ.

ನಿಮ್ಮ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅಳತೆ, 9.1 ಎಂದಿದೆ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನದವರು 2013ರಲ್ಲಿ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎಚ್‌ಬಿಎ1ಸಿ 7.5 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ಮುರಿತದ ಅಪಾಯ, ಸಕ್ಕರೆ ಹತೋಟಿಯಲ್ಲಿದ್ದ ಮಧುಮೇಹಿಗಳಿಗಿಂತ ಸುಮಾರು 60% ಹೆಚ್ಚು. ಅವರ ಎಲುಬಿನ ಸಾಂದ್ರತೆ ಕಡಿಮೆಯೇನೂ ಇರಲಿಲ್ಲ. ಎಲುಬಿಗೆ ಹೆದರಿ ಶುಗರ್‌ಫ್ರೀ ಬಿಟ್ಟು ಬೆಲ್ಲಕ್ಕೆ ಹೋಗುತ್ತೇನೆ ಎನ್ನುತ್ತೀರಲ್ಲ ಅಕ್ಕ, ಆಗ 9.1 ಇನ್ನೂ ಮೇಲೇರುತ್ತದೆ. ಎಲುಬಿಗೆ ಆಗುವ ಕೇಡು ಅಲ್ಲಿರುವುದು. ಬೆಲ್ಲವೂ ಬಹುಪಾಲು ಸಕ್ಕರೆಯೇ. ಬೆಲ್ಲದಲ್ಲಿ ಕ್ಯಾಲ್ಸಿಯಂ ಇದೆ ಎನ್ನುವುದು ನಿಜವಾದರೂ ಎರಡು ಚಮಚ ಬೆಲ್ಲದಲ್ಲಿ ಸಿಗುವುದು ಹತ್ತು ಮಿಲಿಗ್ರಾಂ ಆಸುಪಾಸು. ನಿಮಗೆ ಬೇಕಾದದ್ದು ದಿನಕ್ಕೆ 1,200. ಓಲೆಬೆಲ್ಲಕ್ಕೂ ಜೇನಿಗೂ ಇದೇ ಮಾತು.

ಸ್ಟೀವಿಯಾ ಗಿಡದಿಂದ ಬಂದದ್ದು ಎಂಬ ಕಾರಣಕ್ಕೆ ಎಲುಬಿಗೆ ಒಳ್ಳೆಯದಾಗುವುದಿಲ್ಲ, ಕೆಟ್ಟದ್ದೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಅದೂ ಉಳಿದವುಗಳ ಸಾಲಿನಲ್ಲೇ ಇದೆ. ರುಚಿ ಹಿಡಿಸಿದರೆ ಹಾಕಿಕೊಳ್ಳಿ, ಹೆಚ್ಚು ದುಡ್ಡು ಕೊಟ್ಟು ತರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ನಿಮ್ಮ ಮದ್ದಿನ ಚೀಟಿಯನ್ನು ಎರಡು ಸಲ ಓದಿದೆ. ಸಿಹಿ ಮಾತ್ರೆಗಿಂತ ನೂರು ಪಾಲು ಗಮನ ಬೇಕಾದದ್ದು ಅಲ್ಲಿ ಇದೆ. ಮೂರು ಮದ್ದು ಸೇರಿಸಿದ ನಿಮ್ಮ ಶುಗರ್ ಗುಳಿಗೆಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆ ಪಯೋಗ್ಲಿಟಜೋನ್ ಇದೆ. ಸಕ್ಕರೆಗೆ ಅದು ಒಳ್ಳೆಯ ಮದ್ದು, ಅಗ್ಗದ್ದೂ ಹೌದು. ಆದರೆ ಈ ಗುಂಪಿನ ಮದ್ದುಗಳು ಹೆಂಗಸರಲ್ಲಿ ಕೈಕಾಲಿನ ಮುರಿತ ಹೆಚ್ಚಿಸುತ್ತವೆ ಎಂಬುದು 2006ರಿಂದಲೇ ಗೊತ್ತಿದೆ. ಎಲುಬು ಕಟ್ಟುವ ಕೋಶವಾಗಬೇಕಿದ್ದ ಮೂಲಕೋಶಗಳನ್ನು ಅವು ಕೊಬ್ಬಿನ ಕೋಶದ ದಾರಿಗೆ ತಿರುಗಿಸುತ್ತವೆ. ಮುಟ್ಟು ನಿಂತ, ಈಗಾಗಲೇ ಒಂದು ಮುರಿತ ಆದ ನಿಮಗೆ ಇದರ ಬದಲು ಬೇರೆ ಮದ್ದು ಕೊಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ನೀವೇ ನಿಲ್ಲಿಸಬೇಡಿ. 9.1 ಇರುವಾಗ ಒಂದು ಮದ್ದು ಸುಮ್ಮನೆ ತೆಗೆದರೆ ಮತ್ತೊಂದು ಅಪಾಯ ಬರುತ್ತದೆ.

ಗ್ಲಿಮೆಪಿರೈಡ್ ಇದೆಯಾದ್ದರಿಂದ ಇನ್ನೊಂದು ಪ್ರಶ್ನೆ. ಅಂಗಳದಲ್ಲಿ ಜಾರಿದ ದಿನ ಅದಕ್ಕೆ ಮೊದಲು ತಲೆ ತಿರುಗಿತ್ತೇ? ಬೆವರು, ಕೈ ನಡುಕ ಇತ್ತೇ? ಬೆಳಗಿನ ತಿಂಡಿ ತಡವಾಗಿತ್ತೇ? ಸಕ್ಕರೆ ಥಟ್ಟನೆ ಕೆಳಗಿಳಿದು ಬಿದ್ದವರನ್ನು ಎಷ್ಟೋ ಸಲ ಪಾಚಿಗೆ ಜಾರಿದರೆಂದೇ ತಿಳಿಯುತ್ತಾರೆ. ಮೆಟ್‌ಫಾರ್ಮಿನ್ ಹಲವು ವರ್ಷ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಿ ಪಾದ ಮರಗಟ್ಟುವುದುಂಟು, ಮೀನು ಮಾಂಸ ತಿನ್ನದ ಮನೆಯಾದರೆ ಇನ್ನೂ ಬೇಗ. ಪಾದಕ್ಕೆ ನೆಲ ಗೊತ್ತಾಗದಿದ್ದರೆ ಬೀಳುವುದು ಸುಲಭ. ಬಿ12 ಪರೀಕ್ಷೆ ಮಾಡಿಸಿ, ಕಣ್ಣಿನ ಪರೀಕ್ಷೆಯೂ ಆಗಲಿ.

ಚೀಟಿಯ ಕೊನೆಯಲ್ಲಿ ಗ್ಯಾಸಿನ ಮಾತ್ರೆ, ಪ್ಯಾಂಟೊಪ್ರಜೋಲ್. ಎಷ್ಟು ವರ್ಷದಿಂದ ಎಂದು ನೀವು ಬರೆದಿಲ್ಲ. ಈ ಜಾತಿಯ ಮದ್ದನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ಮುರಿತ ಹೆಚ್ಚು ಕಂಡಿದೆಯೆಂದು ಅಮೆರಿಕದ ನಿಯಂತ್ರಕರು 2010ರಲ್ಲೇ ಎಚ್ಚರಿಸಿದ್ದಾರೆ. ನಮ್ಮಲ್ಲಿ ಮೂರು ವಾರಕ್ಕೆಂದು ಬರೆದುಕೊಟ್ಟದ್ದು ಮೂರು ವರ್ಷ ಹೋಗುತ್ತದೆ, ಮದ್ದಿನ ಅಂಗಡಿಯವರೂ ಕೇಳುವುದಿಲ್ಲ. ಇದು ನನ್ನನ್ನು ಕಾಡುವ ವಿಷಯ. ಸಿಹಿ ಮಾತ್ರೆಯ ಮೇಲೆ ಇಷ್ಟು ಸಂದೇಶ ಹರಿದಾಡುವಾಗ ಇದರ ಬಗ್ಗೆ ಒಂದು ಮಾತೂ ಇಲ್ಲ.

ಇನ್ನು ಅಡುಗೆಮನೆ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ಕುಚ್ಚಿಲಕ್ಕಿ ಗಂಜಿ, ಸಾರು, ತೆಂಗಿನಕಾಯಿ ಹಾಕಿದ ಪಲ್ಯದಲ್ಲಿ ಇದು ತುಂಬುವುದಿಲ್ಲ. ನೂರು ಗ್ರಾಂ ದನದ ಹಾಲಿನಲ್ಲಿ 120 ಮಿಲಿಗ್ರಾಂ ಇರುತ್ತದೆ, ಮೊಸರಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ತೀರಾ ನೀರು ಮಾಡಿದ ಮಜ್ಜಿಗೆಯಲ್ಲಿ ಕಡಿಮೆ, ಆದ್ದರಿಂದ ಸ್ವಲ್ಪ ದಪ್ಪಗೆ ಕಡೆಯಿರಿ. ರಾಗಿಯಲ್ಲಿ ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಮಕ್ಕಳಿಗೆ ಮಾತ್ರ ಎಂದು ಬಿಟ್ಟ ರಾಗಿಯನ್ನು ಬೆಲ್ಲ ಹಾಕದೆ ಮಜ್ಜಿಗೆಯ ಅಂಬಲಿಯಾಗಿಯೋ ದೋಸೆಯಾಗಿಯೋ ತನ್ನಿ. ಎಳ್ಳಿನಲ್ಲಿ ಸಾವಿರಕ್ಕೂ ಮೇಲೆ. ಎರಡು ಚಮಚ ಎಳ್ಳು ಹುರಿದು ಚಟ್ನಿಗೆ ಹಾಕಿದರೆ ನೂರು ದಾಟುತ್ತದೆ. ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ ಎರಡೂ ಒಳ್ಳೆಯವು. ಹರಿವೆ, ಬಸಳೆ ಬೇರೆ ಗುಣಕ್ಕೆ ತಿನ್ನಿ, ಅವುಗಳ ಕ್ಯಾಲ್ಸಿಯಂ ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶಕ್ಕೆ ಅಂಟಿಕೊಂಡು ಸರಿಯಾಗಿ ಹೀರಿಕೆಯಾಗುವುದಿಲ್ಲ. ಮೀನು ತಿನ್ನುವ ಮನೆಗಳಿಗೆ ಬೂತಾಯಿ ಇದೆ. ಮೆತ್ತಗೆ ಬೆಂದ ಅದರ ಮುಳ್ಳು ಸಹಿತ ತಿಂದರೆ ಕ್ಯಾಲ್ಸಿಯಂ, ಸ್ವಲ್ಪ ವಿಟಮಿನ್ ಡಿ ಎರಡೂ ಸಿಗುತ್ತವೆ.

ಉಪ್ಪಿನ ಮಾತನ್ನು ಯಾರೂ ಎತ್ತುವುದಿಲ್ಲ. ಒಂದು ಚಮಚ ಉಪ್ಪು ಮೂತ್ರದಲ್ಲಿ ಸುಮಾರು 40 ಮಿಲಿಗ್ರಾಂ ಕ್ಯಾಲ್ಸಿಯಂ ಇಳಿಸಿಕೊಂಡು ಹೋಗುತ್ತದೆ. ಹತ್ತು ಕಪ್ ಕಾಫಿಗಿಂತ ಹೆಚ್ಚು ಅದು. ಮಳೆಗಾಲದಲ್ಲಿ ನಮ್ಮ ಊಟವೇ ಉಪ್ಪಿನಲ್ಲಿಟ್ಟದ್ದರ ಮೇಲೆ ನಿಂತಿರುತ್ತದೆ. ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು. ಬಿಡಿ ಎನ್ನುವುದಿಲ್ಲ. ಸೊಳೆಯನ್ನು ಎರಡು ನೀರಿನಲ್ಲಿ ಚೆನ್ನಾಗಿ ತೊಳೆದು ಹಿಂಡಿ, ಒಂದು ಊಟಕ್ಕೆ ಇವುಗಳಲ್ಲಿ ಒಂದೇ ಇರಲಿ.

ಎಲೆಗೆ ಹಚ್ಚುವ ಸುಣ್ಣದಿಂದ ಎಲುಬು ಗಟ್ಟಿಯಾಗುತ್ತದೆಂಬ ಮಾತೂ ನಿಮ್ಮ ಕಡೆ ಉಂಟು. ಅದಕ್ಕಾಗಿ ಎಲೆಯಡಕೆ ಶುರು ಮಾಡಬೇಡಿ, ಇದ್ದರೆ ಹೆಚ್ಚಿಸಬೇಡಿ. ಅಡಕೆ ಬೆಳೆದು ಬದುಕುವ ಊರಿಗೆ ಇದನ್ನು ಹೇಳುವುದು ಕಷ್ಟ. ಆದರೆ ಹೊಗೆಸೊಪ್ಪು ಇಲ್ಲದ ಎಲೆಯಡಕೆಯೂ ಬಾಯಿಯ ಕ್ಯಾನ್ಸರ್ ತರುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಸ್ಪಷ್ಟವಾಗಿ ಹೇಳಿದೆ.

ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಎಳೆಬಿಸಿಲು ಒಳ್ಳೆಯದೆಂದು ನಂಬಿದ್ದೇವೆ, ಆದರೆ ಚರ್ಮದಲ್ಲಿ ಡಿ ತಯಾರಾಗುವುದು ಹತ್ತರಿಂದ ಮೂರರ ನಡುವಿನ ಬಿಸಿಲಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಬಿಸಿಲು ನಮ್ಮ ಕರಾವಳಿಯಲ್ಲಿ ಎಲ್ಲಿದೆ? ತೋಟದ ನೆರಳಿನಲ್ಲಿ ದಿನವಿಡೀ ಹೊರಗಿದ್ದರೂ ಲೆಕ್ಕಕ್ಕೆ ಬಾರದು. ರಕ್ತದ ಪ್ರತಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ವಾರಕ್ಕೊಂದು 60,000 ಯೂನಿಟಿನ ಪೊಟ್ಟಣ ಕೆಲವು ವಾರಕ್ಕೆ ಕೊಡುತ್ತಾರೆ. ಹೇಳಿದಷ್ಟೇ ವಾರ ತೆಗೆದುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟು ನೋಡಿದಾಗ ಬೀಳುವುದೂ ಮುರಿಯುವುದೂ ಹೆಚ್ಚಾಯಿತೆಂದು 2010ರಲ್ಲಿ ವರದಿಯಾಗಿದೆ. ಕ್ಯಾಲ್ಸಿಯಂ ಗುಳಿಗೆ ಬೇಕಾಗಿ ಬಂದರೆ, ಕಾರ್ಬೊನೇಟ್ ಎಂದಿದ್ದದ್ದನ್ನು ಊಟದ ಜೊತೆ ನುಂಗಿ. ಗ್ಯಾಸಿನ ಮಾತ್ರೆ ಬಿಡಲಾಗದವರಿಗೆ ಸಿಟ್ರೇಟ್ ವಾಸಿ, ಅದಕ್ಕೆ ಹೊಟ್ಟೆಯ ಆಮ್ಲ ಬೇಡ. ಥೈರಾಯ್ಡ್ ಮಾತ್ರೆ ಇದ್ದರೆ ಎರಡರ ನಡುವೆ ನಾಲ್ಕು ಗಂಟೆ ಅಂತರ ಇಡಿ.

ಸ್ಕ್ಯಾನಿನಲ್ಲಿ ಸವೆತ ಕಂಡರೆ ಒಳ್ಳೆಯ ಚಿಕಿತ್ಸೆಗಳಿವೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಂಡ್ರೊನಿಕ್ ಆಮ್ಲ. ಮೊದಲನೆಯದನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಯಾವುದು ಎಂಬುದನ್ನು ನಿಮ್ಮ ಮೂತ್ರಪಿಂಡದ ಪರೀಕ್ಷೆ ನೋಡಿ ವೈದ್ಯರು ತೀರ್ಮಾನಿಸಲಿ.

ಮನೆಯ ಸುತ್ತ ಒಂದು ಸುತ್ತು ಹಾಕಲು ಮನೆಯವರಿಗೆ ಹೇಳಿ. ಬಾವಿಕಟ್ಟೆ, ಬಚ್ಚಲು, ಹಟ್ಟಿಗೆ ಹೋಗುವ ದಾರಿಯ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಲಿ, ನಡೆಯುವ ಜಾಗಕ್ಕೆ ಮಡಲು ಹಾಸಲಿ, ರಾತ್ರಿ ಬಚ್ಚಲಿಗೆ ಹೋಗುವ ಕಡೆ ಒಂದು ದೀಪ ಉರಿಯಲಿ. ಸವೆದ ಚಪ್ಪಲಿ ಬೇಡ. ಪ್ಲಾಸ್ಟರ್ ಇರುವಾಗಲೇ ಬೆರಳು ಮಡಚಿ ಬಿಡಿಸುತ್ತಿರಿ, ಭುಜ ಎತ್ತಿ ಇಳಿಸುತ್ತಿರಿ. ಇಲ್ಲದಿದ್ದರೆ ಮಣಿಕಟ್ಟು ಕೂಡಿದರೂ ಕೈ ಬಿಗಿದುಕೊಳ್ಳುತ್ತದೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಹತ್ತಿಪ್ಪತ್ತು ಸಲ ಮಾಡಿ, ತೊಡೆಗೆ ಬಲ ಬಂದಷ್ಟೂ ಬೀಳುವುದು ಕಡಿಮೆ.

ಆರು ಮಾತ್ರೆಯನ್ನು ನಾಲ್ಕಕ್ಕೆ, ಆಮೇಲೆ ಎರಡಕ್ಕೆ ಇಳಿಸಿದರೆ ನನಗೆ ಸಂತೋಷವೇ. ಎಲುಬಿಗಾಗಿ ಅಲ್ಲ, ನಾಲಿಗೆಗೆ ಅಷ್ಟು ಸಿಹಿಯ ಹಂಬಲ ಬೇಡವೆಂದು. ವಾರಕ್ಕೊಂದು ಕಡಿಮೆ ಮಾಡಿದರೆ ಗೊತ್ತೇ ಆಗುವುದಿಲ್ಲ. ‘ಶುಗರ್‌ಫ್ರೀ’ ಎಂದು ಬರೆದ ಬಿಸ್ಕತ್ತು, ಮಿಠಾಯಿಗಳನ್ನು ಮಾತ್ರ ನಂಬಬೇಡಿ. ಅವುಗಳಲ್ಲಿ ಮೈದಾ, ಎಣ್ಣೆ ಎಲ್ಲ ಹಾಗೆಯೇ ಇರುತ್ತದೆ, ಸಕ್ಕರೆ ಏರಿಸಲು ಮೈದಾ ಒಂದೇ ಸಾಕು.

ಮೊಮ್ಮಗನ ಬಗ್ಗೆ ನಿಮಗಿಂತ ಹೆಚ್ಚು ಕಟ್ಟುನಿಟ್ಟಾಗಿ ಹೇಳುತ್ತೇನೆ. ಅವನ ಎಲುಬು ಈಗ ಕಟ್ಟುತ್ತಿರುವ ಕಾಲ. ಜೀವಮಾನಕ್ಕೆ ಬೇಕಾದ ಎಲುಬಿನ ಬಹುಪಾಲು ಇಪ್ಪತ್ತರೊಳಗೆ ಸಂಗ್ರಹವಾಗಿಬಿಡುತ್ತದೆ, ಹನ್ನೆರಡರಿಂದ ಹದಿನಾರರ ನಡುವೆ ಅತಿ ವೇಗವಾಗಿ. ಆ ವರ್ಷಗಳಲ್ಲಿ ಹಾಲು, ಮೊಸರು, ರಾಗಿಯ ಜಾಗವನ್ನು ಕೋಲಾ ತಿಂದರೆ ಅದನ್ನು ಅವನು ಅರುವತ್ತರಲ್ಲಿ ತೆರಬೇಕಾಗುತ್ತದೆ. ಸಕ್ಕರೆ ಇಲ್ಲ ಎಂಬುದು ಅವನಿಗೆ ಯಾವ ಲಾಭವೂ ಅಲ್ಲ, ಅವನಿಗೆ ಶುಗರ್ ಇಲ್ಲವಲ್ಲ. ಶಾಲೆಯಿಂದ ಬಂದಾಗ ಹಾಲೋ ರಾಗಿಯ ಅಂಬಲಿಯೋ ಕೊಡಿ, ಬಾಯಾರಿದರೆ ಬೊಂಡ, ಮಜ್ಜಿಗೆ, ಜೀರಿಗೆ ನೀರು ಇದೆ. ಸಂಜೆ ಮೊಬೈಲ್ ಬಿಟ್ಟು ಗದ್ದೆಗೆ ಚೆಂಡಾಟಕ್ಕೆ ಅಟ್ಟಿ, ಓಡಿ ಹಾರಿದಷ್ಟೂ ಎಲುಬು ಗಟ್ಟಿಯಾಗುತ್ತದೆ. ಮದುವೆ ಮನೆಯಲ್ಲಿ ಒಂದು ಲೋಟ ಕೋಲಾ ಕುಡಿದರೆ ಬೈಯಬೇಡಿ. ಮನೆಯ ಫ್ರಿಜ್ಜಿನಲ್ಲಿ ಮಾತ್ರ ಆ ಬಾಟಲಿ ಇರಬಾರದು, ನಿಮಗೂ ಅವನಿಗೂ.